ಗಂಗಮ್ಮನ ಹಡೆದವ್ವ

ಎಳ್ಳಮಾಸಿಯ ದಿನ ಹೊಲದಲ್ಲಿ ಎಲ್ಲರೂ ಉಣ್ಣಲು ಕುಳಿತಾಗ ಮಾಣಿಕಮ್ಮ, "ಈ ಸಲ ಗಂಗವ್ವಗ ಹಸರು ಸೀರಿ ಬ್ಯಾಡ, ಕೆಂಪು ತರೋಣು. ಶಹಾಬಾದ ಬಜಾರದಾಗ ಛಲೋ ಇಳಕಲ್ ಸೀರಿ ಬಂದಾವಂತ" ಎಂದಳು. ಅತ್ತೆ ಸಾಬಮ್ಮ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿಯ ಗಡಿಗೆಯೊಳಗೆ ಸೌಟು ಆಡಿಸುತ್ತ ಕುಳಿತಳು. ಗಂಡ ಜಟ್ಟೆಪ್ಪ ಸಜ್ಜೆ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ನಾದಿನಿ ಭೀಮಬಾಯಿ ನೀರು ತರುತ್ತೇನೆಂದು ಎದ್ದೇ ಹೋದಳು.

"ಏನ್ರಿ, ನಿಮಗೇ ಹೇಳಾಕತ್ತೀನಿ. ಬಾಯಾಗ ಬೆಲ್ಲ ಇಟಗೊಂಡೀರೇನು?"

"ನೋಡೋಣಂತ ಬಿಡು," ಎಂದ ಜಟ್ಟೆಪ್ಪ. "ಭಾರತ ಹುಣ್ಣಿಮಿ ಇನ್ನ ಭಾಳ ದೂರ ಅದ."

"ಏನ ದೂರ? ಕಣ್ಣ ಮುಚ್ಚಿ ತಗಿಯೂದ್ರಾಗ ಬರ್ತದ. ಮಗಳ ಲಗ್ನ ಇಟಗೊಂಡು ಅಪ್ಪ ಆದಾಂವ ಹಿಂಗ ಮಾತಾಡ್ತಾನೇನು?"

ಮಗಳು ಅಂದರೆ ಹೊಳಿಗುಂದಿಯ ಗಂಗಮ್ಮದೇವಿ. ಕಾಗಿಣಾ ಹೊಳೆಯ ಈ ದಂಡೆಗೆ ಅವಳ ಗುಡಿ, ಆ ದಂಡೆಗೆ ರಾಮಲಿಂಗದೇವರ ಗುಡಿ. ವರ್ಷವರ್ಷವೂ ಭಾರತ ಹುಣ್ಣಿಮೆಗೆ ಇಬ್ಬರಿಗೂ ಲಗ್ನ. ಹೆಣ್ಣಿನ ಕಡೆಯವರು ಜಟ್ಟೆಪ್ಪನ ಮನೆತನ. ಅಜ್ಜ ಮುತ್ತಜ್ಜರ ಕಾಲದಿಂದ ಹರಗೋಲು ಹಾಕಿ ಹೊಳೆ ದಾಟಿಸಿದ ಮಂದಿ. ಗಂಡಿನ ಕಡೆಯವರು ಆ ದಂಡೆಯ ಮಡಿವಾಳಯ್ಯನವರ ಮನೆತನ. ದೇವರ ಲಗ್ನವಲ್ಲವೇ ಎಂದು ನಾಲ್ಕು ಅಕ್ಷತೆ ಒಗೆದು ಕೈ ತೊಳೆದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಬೀಗರು ಬರಬೇಕು, ನಿಶ್ಚಯವಾಗಬೇಕು, ಅರಿಷಿಣ ಹಚ್ಚಬೇಕು, ಊಟಕ್ಕೆ ಉಪ್ಪು ಕಡಿಮೆಯಾಯಿತೆಂದು ಬೀಗರು ಸಿಟ್ಟಾಗಬೇಕು, ಅವರನ್ನು ರಮಿಸಬೇಕು. ಆಮೇಲೆ ಜಟ್ಟೆಪ್ಪನ ಮನೆಯ ಗಂಡ ಹೆಂಡಿರು ಜೋಡಿಯಾಗಿ ಮಣೆಯ ಮೇಲೆ ಕುಳಿತು ಮಗಳನ್ನು ಧಾರೆ ಎರೆಯಬೇಕು. ಆ ಮಣೆಯ ಮೇಲೆ ಕುಳಿತ ಹೆಂಗಸನ್ನು ಊರವರು ಮುಂದೆ ಹೆಸರು ಹಿಡಿದು ಕರೆಯುವುದಿಲ್ಲ. ಗಂಗಮ್ಮನ ಹಡೆದವ್ವ ಎನ್ನುತ್ತಾರೆ.

ಮಾಣಿಕಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಮಾವ ತೀರಿಕೊಂಡ. ಅಂದಿನಿಂದ ಮಣೆ ಅವಳದು. ಹತ್ತು ಹನ್ನೆರಡು ವರ್ಷವಾದರೂ ಅವಳ ಹೊಟ್ಟೆಯಲ್ಲಿ ಒಂದು ಕೂಸು ನಿಲ್ಲಲಿಲ್ಲ. ಹರಕೆ ಹೊತ್ತಳು, ದರ್ಗಾದಿಂದ ತಾಯಿತ ತಂದು ಕಟ್ಟಿಕೊಂಡಳು, ಯಾರು ಏನು ಬೇರು ತೇಯ್ದು ಕೊಟ್ಟರೂ ಕಣ್ಣು ಮುಚ್ಚಿ ಕುಡಿದಳು. ಆದರೂ ಓಣಿಯ ಹುಡುಗರಿಂದ ಹಿಡಿದು ಕಾಯಿಪಲ್ಲೆ ಮಾರುವ ನೂರಜಹಾನ್‌ವರೆಗೂ ಎಲ್ಲರ ಬಾಯಲ್ಲಿ ಅವಳು ಹಡೆದವ್ವ. ಬಂಜೆ ಎಂಬ ಮಾತನ್ನು ಅವಳ ಎದುರಿಗೆ ಯಾರೂ ಆಡಿರಲಿಲ್ಲ. ಆ ಮಣೆ ಇರುವವರೆಗೆ ಯಾರಿಗೂ ಆ ಮಾತು ಆಡಲು ಬಾಯಿ ಬರುತ್ತಿರಲಿಲ್ಲ.

ಅವಳೂ ಅದನ್ನು ಬರೀ ಪದ್ಧತಿಯೆಂದು ತಿಳಿದವಳಲ್ಲ. ರಜಾಕಾರರ ಗದ್ದಲದಲ್ಲಿ ಊರಿಗೆ ಊರೇ ಅಡವಿ ಸೇರಿದಾಗ ಉಳಿದ ಹೆಂಗಸರು ಬಂಗಾರ ಕಟ್ಟಿಕೊಂಡು ಓಡಿದರೆ, ಇವಳು ಗಂಗಮ್ಮನ ಮೂರ್ತಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಓಡಿದ್ದಳು. ಅಡವಿಯಲ್ಲಿ ತನಗೆ ಸಿಕ್ಕ ತುಣುಕು ರೊಟ್ಟಿಯನ್ನೂ ಮೊದಲು ಅವಳ ಮುಂದೆ ಹಿಡಿದು ಆಮೇಲೆ ತಿಂದವಳು.

ಜಟ್ಟೆಪ್ಪ ಶಹಾಬಾದದ ಫರಸಿ ಕಲ್ಲಿನ ಖಣಿಯಲ್ಲಿ ಮೇಸ್ತ್ರಿ. ವಾರಕ್ಕೊಮ್ಮೆ ಊರಿಗೆ ಬರುವವನು ಇತ್ತೀಚೆಗೆ ಎರಡು ವಾರಕ್ಕೊಮ್ಮೆ ಬರತೊಡಗಿದ್ದ. ಕೇಳಿದರೆ, ವಾಡಿಯಲ್ಲಿ ವ್ಯಾಗನ್ನಿಗೆ ಕಲ್ಲು ತುಂಬಿಸುವುದಿತ್ತು ಎನ್ನುತ್ತಿದ್ದ. ದುಡಿಯುವ ಗಂಡಸು, ಇರಬಹುದು ಎಂದು ಮಾಣಿಕಮ್ಮ ಸುಮ್ಮನಾದಳು.

ಸಂಕ್ರಾಂತಿಗೆ ಸಾಬಮ್ಮ ಶೇಂಗಾದ ಹೋಳಿಗೆ ಮಾಡಿ ಎರಡು ಗಂಟು ಕಟ್ಟಿದಳು.

"ಒಂದು ಶಹಾಬಾದಕ್ಕ. ಇನ್ನೊಂದು ಯಾರಿಗೆ ಅತ್ತಿ?" ಎಂದಳು ಮಾಣಿಕಮ್ಮ.

"ವಾಡಿಯಾಗ ನನ್ನ ತಮ್ಮ ಇಲ್ಲೇನು? ಅವರ ಮನಿಗೆ."

"ಇಷ್ಟೊಂದು ಮಾವಿನ ಉಪ್ಪಿನಕಾಯಿ ಯಾಕ? ಯಾರರ ಬಸರಿ ಅದಾರೇನು ಅವರ ಮನ್ಯಾಗ?"

ನಗೆಚಾಟಿಕೆಗೆ ಕೇಳಿದ ಮಾತು. ಒಲೆಯ ಮುಂದೆ ಕುಳಿತ ಭೀಮಬಾಯಿಯ ಕೈಯಲ್ಲಿದ್ದ ರೊಟ್ಟಿ ಹರಿದು ಬೂದಿಯಲ್ಲಿ ಬಿತ್ತು.

"ಹೂಂ, ಅದಾಳ," ಎಂದಳು ಸಾಬಮ್ಮ, ಗಂಟಿನ ಕಡೆಯೇ ನೋಡುತ್ತ. "ತಮ್ಮನ ಸೊಸಿ."

"ಹಂಗಾದ್ರ ಬರೇ ಉಪ್ಪಿನಕಾಯಿ ಸಾಲಂಗಿಲ್ಲ. ತಡೀರಿ." ಮಾಣಿಕಮ್ಮ ಅಟ್ಟ ಹತ್ತಿ ತಾನು ಮಾಡಿಟ್ಟ ಹುಣಸೆ ತೊಕ್ಕಿನ ಮಡಕೆ ಇಳಿಸಿದಳು. ಅರ್ಧಕ್ಕರ್ಧ ತೆಗೆದು ಕುಡಿಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದಳು. "ನಾನೇ ಕಟ್ಟಿ ಕಳಿಸೀನಿ ಅಂತ ಹೇಳ್ರಿ. ಚೊಚ್ಚಲ ಬಸರಿಗೆ ಬಾಯಿ ಭಾಳ ಕೆಟ್ಟಿರ್ತದ. ಹಡ್ಯಾಕ ಆಗದಿದ್ರೇನು, ಅಷ್ಟು ಗೊತ್ತಾಗ್ತದ ನನಗ."

ಸಾಬಮ್ಮ ಕುಡಿಕೆ ತೆಗೆದುಕೊಂಡಳು. ಸೊಸೆಯ ಮುಖ ನೋಡಲಿಲ್ಲ.

ಭೀಮಬಾಯಿಯ ನಡತೆಯೂ ಬದಲಾಗಿತ್ತು. ಮಾಣಿಕಮ್ಮ ಬಂದಾಗ ಇವಳು ಮೂಗು ಒರೆಸಿಕೊಳ್ಳಲು ಬಾರದ ಕೂಸು. ಹೇನು ಹೆಕ್ಕಿ, ಜಡೆ ಹಾಕಿ, ಮೈನೆರೆದಾಗ ಆರತಿ ಎತ್ತಿ, ಈಗ ಚಿತ್ತಾಪುರದ ಕಡೆಯ ವರನ ಮಾತು ನಡೆಯುವವರೆಗೆ ಬೆಳೆಸಿದವಳು ವೈನಿಯೇ. ಒಂದು ಮಧ್ಯಾಹ್ನ ಮಾಣಿಕಮ್ಮ ಎಣ್ಣೆ ಬಟ್ಟಲು ಹಿಡಿದು ಕುಳಿತರೆ ಹುಡುಗಿ ಹತ್ತಿರ ಬರಲಿಲ್ಲ.

"ಬಿಡು ವೈನಿ, ನಾನೇ ಹಿಕ್ಕೋತೀನಿ."

"ಯಾಕ ಬೇ? ನನ್ನ ಕೈಗೆ ಮುಳ್ಳು ಬಂದಾವೇನು?"

"ಹಂಗಲ್ಲ. ನೀ ಮುಟ್ಟಿದ್ರ ನನಗ ಅಳು ಬರ್ತದ."

"ಹುಚ್ಚಿ! ಇನ್ನ ವರನೇ ಗಟ್ಟಿ ಆಗಿಲ್ಲ, ಈಗೇ ತವರು ಬಿಡೋ ಅಳು ಸುರು ಮಾಡಿದೇನು?"

ಭೀಮಬಾಯಿ ಒಳಗೆ ಓಡಿಹೋದಳು. ಮಾಣಿಕಮ್ಮನಿಗೂ ಕಣ್ಣು ಒದ್ದೆಯಾಯಿತು. ಅಯ್ಯೋ, ಎಷ್ಟು ಹಚ್ಚಿಕೊಂಡಾಳ ನನ್ನ ಎಂದುಕೊಂಡಳು. ಅವಳ ಗುಣವೇ ಅಂಥದ್ದು, ತನಗೆ ಬೇಕಾದವರು ಏನು ಮಾಡಿದರೂ ಅದಕ್ಕೊಂದು ಒಳ್ಳೆಯ ಕಾರಣ ಅವಳೇ ಹುಡುಕಿ ಕೊಡುವಳು.

ಹುಣ್ಣಿಮೆ ಇನ್ನು ಎರಡು ದಿನವಿದೆ ಎನ್ನುವಾಗ ಮಾಣಿಕಮ್ಮ ಗಂಗಮ್ಮನ ಅರಿಷಿಣ ಬೀಸಲು ಕುಳಿತಳು. ಬೀಸುಕಲ್ಲಿನ ಪದ ಇನ್ನೂ ಬಾಯಲ್ಲಿತ್ತು, ಜಟ್ಟೆಪ್ಪ ಬಂದ. ಬರುವ ದಿನವಲ್ಲದ ದಿನ ಬಂದವನು ಒಳಗೆ ಬಾರದೆ ಕಟ್ಟೆಯ ಮೇಲೆ ಕುಸಿದು ಕುಳಿತು ಟವೆಲು ಮುಖಕ್ಕೆ ಹಿಡಿದ.

"ಏನಾತ್ರಿ?"

"ಅಂಬರಾಯ ಕಾಕಾ ಹೋದ್ನಂತ, ಮಾಣಿಕಾ. ವಾಡಿ ಟೇಶನ್ನಾಗ ಕರೇಕೊಳ್ಳದಾಂವ ಒಬ್ಬ ಸಿಕ್ಕಿದ್ದ. ಎದಿ ನೋವಂತ. ಮಣ್ಣೂ ಆಗಿ ಹೋಗ್ಯಾದಂತ."

ಅಂಬರಾಯ ಅವಳ ಅಪ್ಪನ ತಮ್ಮ, ತವರೂರು ಕರೇಕೊಳ್ಳದಲ್ಲಿದ್ದವನು. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿ, ಧಾರೆ ಎರೆದು ಕೊಟ್ಟವನು. ಮಾಣಿಕಮ್ಮ ಬೀಸುಕಲ್ಲಿನ ಮುಂದೆ ಕುಳಿತಲ್ಲಿಯೇ ಎದೆ ಬಡಿದುಕೊಂಡಳು. ಅರಿಷಿಣದ ಕೈ, ಕುಪ್ಪಸವೆಲ್ಲ ಹಳದಿಯಾಯಿತು. ಜಟ್ಟೆಪ್ಪನೂ ಅತ್ತ. ಸುಳ್ಳಿಗೆ ಅಷ್ಟು ನೀರು ಕಣ್ಣಲ್ಲಿ ಎಲ್ಲಿಂದ ಬಂತೋ ಆ ಮನುಷ್ಯನಿಗೆ, ಅಂತೂ ಅತ್ತ.

ಸಾಬಮ್ಮ ಪಡಸಾಲೆಯಿಂದಲೇ ಕೂಗಿದಳು. "ಅರಿಷಿಣ ಮುಟ್ಟಬ್ಯಾಡ! ಏಳು ಅಲ್ಲಿಂದ! ಸೂತಕದಾಕಿ ಆದಿ ನೀ. ಭೀಮಿ, ಆ ಬೀಸೂದು ನೀ ತಗೋ."

"ಅತ್ತಿ, ಲಗ್ನ?"

"ಲಗ್ನಕ್ಕೇನಾಗ್ತದ? ನಡೀತದ. ನೀ ಸಂಜಿ ಗಾಡಿ ಹಿಡಿ. ಮೂರನೇ ದಿನದ ಕಾರ್ಯಕ್ಕರ ಮುಟ್ಟು."

"ಮಣಿ ಮ್ಯಾಲ ಯಾರು ಕುಂದ್ರತಾರ?"

"ಅದನ್ನ ಮಡಿವಾಳಯ್ಯನೋರು ನೋಡ್ತಾರ. ಸಾಕಿದಾಂವ ಸತ್ತಾನ, ಈಕಿಗೆ ಮಣೀದೇ ಫಿಕರ್!"

ಮಾಣಿಕಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು. ಖರೆ ಹೇಳಬೇಕೆಂದರೆ ಅವಳು ಕಾಕಾನಿಗಾಗಿ ಅತ್ತಷ್ಟೇ ಆ ಮಣೆಗಾಗಿಯೂ ಅತ್ತಳು. ತನ್ನ ಕೈ ಇಲ್ಲದೆ ಗಂಗಮ್ಮ ಮದುಮಗಳಾಗುತ್ತಾಳೆ ಎಂಬುದು ಎದೆಯಲ್ಲಿ ಬೆಂಕಿಯಾಗಿ ಕುಳಿತಿತ್ತು, ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಸಾಬಮ್ಮ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು, ಎಂದಿಗಿಂತ ಹೆಚ್ಚು ಬೆಣ್ಣೆ ಹಚ್ಚಿದ್ದಳು. ಜಟ್ಟೆಪ್ಪ ಚಿತ್ತಾಪುರ ಸ್ಟೇಷನ್ನಿಗೆ ಬಂದು ಗಾಡಿ ಹತ್ತಿಸಿದ. "ನಾ ಬಂದ್ರ ನನಗೂ ಸೂತಕ ಹತ್ತತದ. ಧಾರಿ ಎರ್‍ಯಾವ್ರು ಯಾರು?" ಎಂದ. ಅದೂ ಹೌದೆಂದು ಅವಳೇ ಸಮಾಧಾನ ಹೇಳಿದಳು. "ಗಂಗವ್ವನ್ನ ಛಂದಾಗಿ ಕಳಿಸ್ರಿ. ಬೀಗತಿ ಮಹಾದೇವಮ್ಮಗ ನಾ ಬರದಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ ಅನ್ರಿ."

ಸೇಡಂನಲ್ಲಿ ಇಳಿದು, ಸಮಾಧಿಯ ಮೇಲೆ ಹೊದಿಸಲು ಒಂದು ಬಿಳಿ ಬಟ್ಟೆ ಕೊಂಡಳು. ಚಿಂಚೋಳಿ ಕಡೆಗೆ ಹೊರಟಿದ್ದ ಗನಿಸಾಬನ ಬಂಡಿ ಸಿಕ್ಕಿತು.

"ಕರೇಕೊಳ್ಳಕ್ಕ ಯಾರ ಮನಿಗೆ ಹೊಂಟೀದಿ ಬೇ?"

"ಅಂಬರಾಯ ಕಾಕಾ ತೀರಿಕೊಂಡ್ನಲ್ಲಣ್ಣ."

ಗನಿಸಾಬ ಎತ್ತಿನ ಬಾಲ ಬಿಟ್ಟು ತಿರುಗಿ ನೋಡಿದ. "ಅಂಬರಾಯ? ಮೊನ್ನಿ ಸಂತಿ ಮುಗಿಸಿ ಇದೇ ಬಂಡ್ಯಾಗ ಕುಂತು ಹೋದ್ನಲ್ಲ! ದಾರಿ ತುಂಬಾ ನನ್ನ ಎತ್ತಿಗೆ ಹೆಸರಿಟಗೋತ ಬಂದ."

"ಸಾವಿಗೆ ಏನ ಹೊತ್ತು ಬೇಕಣ್ಣ?"

"ಅದೂ ಖರೆ ಅದ," ಎಂದು ಗನಿಸಾಬ ನಾಲಗೆ ಲೊಚಗುಟ್ಟಿದ.

ಊರ ಅಗಸಿ ಕಾಣುತ್ತಲೇ ಮಾಣಿಕಮ್ಮ ಬಂಡಿ ಇಳಿದು ಸೆರಗು ತಲೆಗೆಳೆದುಕೊಂಡು ಹಾಡಿ ಅಳಲು ಸುರು ಮಾಡಿದಳು. "ನನ್ನ ಹೆಗಲ ಮ್ಯಾಲ ಹೊತ್ತು ತಿರಗಿದಾಂವಾ, ನನ್ನ ತವರಿನ ಕದಾ ಮುಚ್ಚಿ ಹೋದ್ಯಾ..." ಹೊರಗೆ ಕುಳಿತ ಹೆಂಗಸರು ಎದ್ದು ಬಂದರು, ಯಾರು ಸತ್ತರೆಂದು ಕೇಳುವ ಮೊದಲೇ ಇಬ್ಬರು ಅವಳ ಕೊರಳಿಗೆ ಬಿದ್ದು ತಾವೂ ಅತ್ತರು. ಹಿಂಡು ಕಟ್ಟಿಕೊಂಡೇ ಅಂಬರಾಯನ ಮನೆಯ ಮುಂದೆ ಬಂದರೆ, ಅಂಗಳದಲ್ಲಿ ಅಂಬರಾಯ ಕುಳಿತು ಬುಟ್ಟಿ ಹೆಣೆಯುತ್ತಿದ್ದ.

"ಯಾಕ ಮಗಳ? ಯಾರು ಸತ್ರು? ಅಳಿಯಾ ಆರಾಮ ಅದಾನಿಲ್ಲೋ?" ಎಂದು ಅವನು ಹೌಹಾರಿ ಎದ್ದ.

ಮಾಣಿಕಮ್ಮ ಅವನ ಮುಖ ನೋಡಿದಳು, ಕೈ ಮುಟ್ಟಿ ನೋಡಿದಳು, ಆಮೇಲೆ ಅವನ ಎದೆಗೆ ಎರಡು ಗುದ್ದು ಗುದ್ದಿ ಗಟ್ಟಿಯಾಗಿ ಅತ್ತಳು. ಅಳುತ್ತಿದ್ದ ಹೆಂಗಸರು ನಕ್ಕರು. ಸುಳ್ಳು ಸಾವಿನ ಸುದ್ದಿ ಹುಟ್ಟಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಒಬ್ಬಳು ಹೇಳಿದಳು. ಕಾಕಾ ಗಂಟು ಬಿಚ್ಚಿ ಬಿಳಿ ಬಟ್ಟೆ ತೆಗೆದ.

"ಇದು ನನಗೇ ತಂದೀದಿ ಹೌದಿಲ್ಲೋ?" ಎಂದವನೇ ತಲೆಗೆ ರುಮಾಲು ಸುತ್ತಿಕೊಂಡ. "ಛಲೋ ಅದ. ಹಳೀದು ಹರದಿತ್ತು."

ಊಟಕ್ಕೆ ಕುಳಿತಾಗ ಅವನ ನಗು ನಿಂತಿತು. "ಮಗಳ, ಈ ಸುದ್ದಿ ಹೇಳಿದಾಂವ ಯಾರು?"

"ಅವರೇ ಹೇಳಿದ್ರು. ಟೇಶನ್ನಾಗ ಯಾರೋ ಸಿಕ್ಕಿದ್ನಂತ."

"ಯಾರೋ ಅಂದ್ರ ಯಾರು? ಹೆಸರಿಲ್ಲೇನು ಅವನಿಗೆ? ನಮ್ಮೂರಾಂವ ವಾಡಿಗೆ ಹೋದ್ರ ನನಗ ಗೊತ್ತಾಗಂಗಿಲ್ಲೇನು?"

"ಏ ಕಾಕಾ, ಬೇರೆ ಅಂಬರಾಯ ಸತ್ತಿರಬೇಕು. ಅವರು ಕೇಳಿಸಿಕೊಂಡಿರೋದೇ ತಪ್ಪಾಗಿರಬೇಕು. ಎಷ್ಟು ಅತ್ತಾರ ಗೊತ್ತೇನು ನಿನ್ನ ಸಲವಾಗಿ!"

ಕಾಕಾ ತುತ್ತು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡ. "ಹುಣ್ಣಿಮಿಗೆ ಮುಟ್ಟೋಣು. ನಾನೂ ಬರ್ತೀನಿ," ಎಂದ.

ಮರಳುವ ದಾರಿಯಲ್ಲಿ ಮಾಣಿಕಮ್ಮನ ಸಂತೋಷ ಹೇಳತೀರದು. ಕಾಕಾ ಬದುಕಿದ್ದಾನೆ, ಸೂತಕವಿಲ್ಲ, ಮಣೆ ತನ್ನದೇ. ಮನೆಯವರು ತನ್ನನ್ನು ಕಂಡು ಎಷ್ಟು ಹಿಗ್ಗುತ್ತಾರೋ ಎಂದು ಬಾಯಿತುಂಬ ಮಾತಾಡುತ್ತಲೇ ಬಂದಳು. ಸೇಡಂನಲ್ಲಿ ಗಂಗಮ್ಮನಿಗೆ ಕೆಂಪು ಬಳೆ ಕೊಂಡಳು. ಆದರೆ ಗಾಡಿ ತಡವಾಗಿ ಬಂತು. ಚಿತ್ತಾಪುರದಿಂದ ಹೊಳಿಗುಂದಿಗೆ ಅರ್ಧ ದಾರಿ ಓಡುತ್ತಲೇ ನಡೆದರು.

ಬೇಸಿಗೆಯ ಮುಂದೆ ಕಾಗಿಣಾ ಬತ್ತಿ ಒಂದು ಮಗ್ಗುಲಿಗೆ ಹರಿಯುತ್ತದೆ. ಉಳಿದ ಉಸುಕಿನ ಮೇಲೆ ಹಂದರ ಹಾಕಿದ್ದರು. ಬಾಜಾಬಜಂತ್ರಿ ನಡೆದಿತ್ತು. ಹಂದರದ ಅಂಚಿಗೆ ಬುಟ್ಟಿ ಇಟ್ಟುಕೊಂಡು ನಿಂತಿದ್ದ ನೂರಜಹಾನ್ ಇವಳನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾ ಅಲ್ಲಾ! ಹಡದವ್ವ, ನೀ ಹ್ಯಾಂಗ ಬಂದಿ?"

"ಕಾಕಾ ಸತ್ತಿಲ್ಲ ಬೇ! ಇಲ್ಲೇ ಅದಾನ ನೋಡು. ಸರಿ, ಜಲ್ದಿ ಹೋಗಬೇಕು, ಮಣಿ ಖಾಲಿ ಅದ ಹೌದಿಲ್ಲೋ?"

"ಖಾಲಿ ಇಲ್ಲ," ಎಂದಳು ನೂರಜಹಾನ್. ಇವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನಿನ್ನ ಸವತಿ ಕುಂತಾಳ. ವಾಡಿಯಾಕಿ, ಚಂದಮ್ಮ ಅಂತ ಹೆಸರು. ಬಸರಿ ಅದಾಳ. ನೀನೇ ಒಪ್ಪಿ ಕುಂದ್ರಿಸೀದಿ ಅಂತ ನಿಮ್ಮತ್ತಿ ಊರಿಗೆಲ್ಲಾ ಹೇಳ್ಯಾಳ. ಖರೇನೇನು ಬೇ?"

ಮಾಣಿಕಮ್ಮ ಜನರ ತಲೆಗಳ ನಡುವೆ ನೋಡಿದಳು. ಜಟ್ಟೆಪ್ಪ ಮಣೆಯ ಮೇಲೆ ಕುಳಿತಿದ್ದ. ಅವನ ಪಕ್ಕದಲ್ಲಿ ಇನ್ನೂ ಮುಖದಲ್ಲಿ ಎಳೆತನ ಆರದ ಹುಡುಗಿ, ತುಂಬುತ್ತಿರುವ ಹೊಟ್ಟೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಅವರ ಮುಂದೆ ಅರಿಷಿಣ ಹಚ್ಚಿದ ಗಂಗಮ್ಮ. ಹಿಂದೆ ಸಾಬಮ್ಮ, ಭೀಮಬಾಯಿ. ಎಲ್ಲರೂ ಹೊಸ ಸೀರೆ ಉಟ್ಟಿದ್ದರು. ತನ್ನನ್ನು ಯಾಕೆ ಕಳಿಸಿದರು, ಬೆಣ್ಣೆ ಯಾಕೆ ಹೆಚ್ಚಿತ್ತು, ವಾಡಿಯ ಗಂಟು ಯಾರದು, ಎಲ್ಲ ಒಮ್ಮೆಲೇ ತಿಳಿಯಿತು. ಈ ಮಣೆಯ ಮೇಲೆ ಒಮ್ಮೆ ಊರ ಮುಂದೆ ಕುಳಿತವಳನ್ನು ಆಮೇಲೆ ಯಾರೂ ಜಟ್ಟೆಪ್ಪನ ಹೆಂಡತಿಯಲ್ಲ ಎನ್ನುವಂತಿಲ್ಲ. ಅದಕ್ಕಾಗಿ ಇಷ್ಟೆಲ್ಲ ಮಾಡಿದ್ದರು. ಅವಳು ಹಂದರದ ಕಂಬ ಹಿಡಿದಳು.

ಅಷ್ಟರಲ್ಲಿ ಮಡಿವಾಳಯ್ಯನವರು ಕೈ ಎತ್ತಿ ಬಾಜಾ ನಿಲ್ಲಿಸಿದರು. ಧಾರೆಗೆ ಮೊದಲು ಗಂಡಿನ ಕಡೆಯವರು ಹೆಣ್ಣಿನ ತಾಯಿಯನ್ನು ಒಂದು ಮಾತು ಕೇಳುವುದು ರೂಢಿ. ಇಲ್ಲ ಎನ್ನುವುದೂ ರೂಢಿಯೇ.

"ಹೆಣ್ಣಿನ ಹಡದವ್ವ, ಮಗಳ ತಲಿ ಮ್ಯಾಲ ಕೈಯಿಟ್ಟು ಹೇಳು. ನಿಮ್ಮ ಮನ್ಯಾಗ ಸೂತಕ ಏನಾರ ಅದ ಏನು?"

ಚಂದಮ್ಮ ಗಂಗಮ್ಮನ ತಲೆಯ ಮೇಲೆ ಕೈಯಿಟ್ಟಳು. ತಿರುಗಿ ಸಾಬಮ್ಮನ ಮುಖ ನೋಡಿದಳು.

"ಇಲ್ಲ ಅನ್ನು," ಎಂದು ಸಾಬಮ್ಮ ಹಿಂದಿನಿಂದ ತಿವಿದಳು.

"ಹ್ಯಾಂಗ ಇಲ್ಲ ಅನ್ಲಿ ಅತ್ತಿ?" ಹುಡುಗಿ ಅಳುತ್ತಲೇ ಅಂದಳು. "ಅಕ್ಕನ ಕಾಕಾ ಸತ್ತಾರಲ್ಲ. ಪಾಪ ಆಕಿ ಅಲ್ಲಿ ಎದಿ ಬಡಕೊಂಡು ಅಳಾಕತ್ತಿರ್ತಾಳ. ಹೊಟ್ಟ್ಯಾಗ ಕೂಸು ಇಟಗೊಂಡು, ದೇವಿ ತಲಿ ಮುಟ್ಟಿ, ನಾ ಹ್ಯಾಂಗ ಸುಳ್ಳು ಹೇಳ್ಲಿ?"

"ಅದು ಆಕಿ ಸೂತಕ! ನಮಗ ಹತ್ತಂಗಿಲ್ಲ!"

"ಒಂದೇ ಮನಿ ಒಲಿ ಅಲ್ಲೇನ್ರಿ ಅತ್ತಿ?"

ಸಾವು ಸುಳ್ಳು ಎಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಮಡಿವಾಳಯ್ಯನವರು ಅಕ್ಷತೆಯ ತಟ್ಟೆ ಕೆಳಗಿಟ್ಟು ಎದ್ದು ನಿಂತರು. "ಹಡದವ್ವನ ಬಾಯಿಲೆ ಸೂತಕ ಅಂತ ಬಂತು. ಈ ವರ್ಷ ಲಗ್ನ ಇಲ್ಲ. ನಡೀರಿ ಎಲ್ಲಾರೂ."

ಹಂದರದ ತುಂಬ ಗದ್ದಲವೆದ್ದಿತು. ಕಾಕಾ ಮಾಣಿಕಮ್ಮನ ಕಿವಿಯಲ್ಲಿ ಹೇಳಿದ, "ಸುಮ್ಮನಿರು ಮಗಳ. ತಮ್ಮ ಮಾರಿ ತಾವೇ ಸುಟಗೊಳ್ಳಾಕತ್ತಾರ. ಸುಟಗೊಳ್ಳಲಿ."

ಸುಟ್ಟುಕೊಳ್ಳಲಿ ಎಂದು ಅವಳಿಗೂ ಅನಿಸಿತು. ಒಂದು ಗಳಿಗೆ ಮನಸಾರೆ ಅನಿಸಿತು. ಆದರೆ ಗಂಗಮ್ಮ ಅರಿಷಿಣ ಮೈಗೆ ಹಚ್ಚಿಸಿಕೊಂಡು ಅಲ್ಲಿ ಕುಳಿತಿದ್ದಳು. ಅರಿಷಿಣ ಹಚ್ಚಿದ ಮೇಲೆ ಲಗ್ನ ಮುರಿದ ಹೆಣ್ಣನ್ನು ಮನೆಗೆ ಒಯ್ಯುವುದು ಹೇಗೆ? ಯಾವ ತಾಯಿ ನೋಡಿಯಾಳು ಅದನ್ನು?

"ಸೂತಕ ಇಲ್ಲ!" ಎಂದು ಅವಳು ಕೂಗಿದಳು. ಜನ ದಾರಿ ಬಿಟ್ಟರು. "ಯಾರೂ ಸತ್ತಿಲ್ಲರೀ ಅಪ್ಪಾವ್ರ. ನಮ್ಮ ಕಾಕಾ ಇಲ್ಲೇ ನಿಂತಾನ. ಲಗ್ನ ನಿಲ್ಲಿಸಬ್ಯಾಡ್ರಿ."

ಬಿಳಿ ರುಮಾಲಿನ ಅಂಬರಾಯ ಮುಂದೆ ಬಂದು ಕೈಮುಗಿದ. "ಸತ್ತಾಂವ ನಾನೇರಿ. ನಮ್ಮ ಅಳಿಯಾ ನನ್ನ ಸಲವಾಗಿ ಭಾಳ ಅತ್ತಾನಂತ. ಶರಣು ಹೇಳಿ ಹೋಗೋಣಂತ ಬಂದೆ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಜಟ್ಟೆಪ್ಪ ಮಣೆಯ ಮೇಲೆಯೇ ಕುಗ್ಗಿ ಹೋದ. ಚಂದಮ್ಮ ಎದ್ದು ಬಂದು ಮಾಣಿಕಮ್ಮನ ಕಾಲು ಹಿಡಿದಳು.

"ಅಕ್ಕಾ, ನೀನೇ ಒಪ್ಪೀದಿ ಅಂದ್ರು. ಹುಣಸಿ ತೊಕ್ಕು ನೀನೇ ನಿನ್ನ ಕೈಲೆ ಕಟ್ಟಿ ಕಳಿಸೀದಿ ಅಂದ್ರು. ಅದಕ್ಕೇ ನಂಬಿದೆ."

"ಅದು ಸುಳ್ಳಲ್ಲ. ನಾನೇ ಕಟ್ಟಿದ್ದೆ," ಎಂದಳು ಮಾಣಿಕಮ್ಮ. ಬಗ್ಗಿ ಆ ಹುಡುಗಿಯನ್ನು ಎಬ್ಬಿಸಿದಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಹಗುರವಾಗುತ್ತಿತ್ತೇನೋ. ತಿರುಗಿ ಭೀಮಬಾಯಿಯನ್ನು ನೋಡಿದಳು.

"ನಿನಗೂ ಗೊತ್ತಿತ್ತೇನು?"

ಭೀಮಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ಹೋದ ಯುಗಾದಿ ಮುಂದ ಮಾಮಾನ ಮನಿಗೆ ಜಾವಳಕ್ಕ ಅಂತ ಹೋಗಿದ್ನಲ್ಲ ವೈನಿ. ಜಾವಳ ಅಲ್ಲ, ಅದು ಅಣ್ಣನ ಲಗ್ನ. ಬಾಯಿ ಬಿಟ್ರ ನನ್ನ ಲಗ್ನ ಮಾಡಂಗಿಲ್ಲ ಅಂದಿದ್ಲು ಅವ್ವ."

ಆ ದಿನ ತನ್ನ ಪೆಟ್ಟಿಗೆಯ ಹೊಸ ಸೀರೆ ಉಡಿಸಿ, ಜಡೆಗೆ ಹೂ ಮುಡಿಸಿ ಕಳಿಸಿದವಳು ಮಾಣಿಕಮ್ಮನೇ. ಗಂಡ ಮೋಸ ಮಾಡಿದ್ದಕ್ಕಿಂತ ಇದು ಅವಳನ್ನು ಹೆಚ್ಚು ಕಡಿಯಿತು.

ಸಾಬಮ್ಮ ಸುಮ್ಮನಿರುವ ಹೆಂಗಸಲ್ಲ. "ಏನ ಆಗಬಾರದ್ದು ಆಗ್ಯಾದ?" ಎಂದು ಸೊಂಟಕ್ಕೆ ಕೈಯಿಟ್ಟಳು. "ನನ್ನ ಮನಿಗೆ ಒಂದು ಕೂಸು ಬ್ಯಾಡೇನು? ನಿನ್ನ ಹಿಂದ ಈ ಮಣಿ ಮ್ಯಾಲ ಯಾರು ಕುಂದ್ರಬೇಕು? ಹೇಳಿದ್ರ ನೀ ಒಪ್ತಿದ್ದೇನು? ನಿನ್ನ ಮಗಳು ಗಂಗವ್ವ ಯಾರ ಮನಿಗೆ ಹೊಂಟಾಳ? ಗೌರವ್ವ ಇದ್ದ ಮನಿಗೆ ಸವತಿ ಆಗೇ ಹೊಂಟಾಳ. ಶಿವ ಮಾಡಿದ್ದನ್ನೇ ನನ್ನ ಮಗ ಮಾಡ್ಯಾನ!"

"ಶಿವ ಗಂಗವ್ವನ್ನ ಜಡ್ಯಾಗ ಮುಚ್ಚಿಟ್ಟಿದ್ದ, ಖರೆ," ಎಂದಳು ಮಾಣಿಕಮ್ಮ. "ಆದ್ರ ಗೌರವ್ವನ ತವರಿನಾಗ ಹೆಣ ಬಿದ್ದದ ಅಂತ ಹೇಳಿ ಆಕಿನ್ನ ಅಳಾಕ ಕಳಿಸಿದ್ದಿಲ್ಲ. ಒಪ್ತಿದ್ನೋ ಇಲ್ಲೋ, ಒಂದು ಸಲ ಕೇಳಿ ನೋಡಬೇಕಿತ್ತು ಅತ್ತಿ. ನಿನ್ನ ಮನ್ಯಾಗ ನಾ ಅಷ್ಟಕ್ಕೂ ಎರವಾದ್ನೇನು?"

ಸಾಬಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಮಡಿವಾಳಯ್ಯನವರು ಮೆಲ್ಲಗೆ, "ಬಾ ತಾಯಿ. ಮಣಿ ನಿಂದು. ಹೊತ್ತು ಮೀರಾಕತ್ತದ," ಎಂದರು. ಜಟ್ಟೆಪ್ಪ ತಲೆ ಎತ್ತದೆ, "ಬಂದು ಕುಂದ್ರು ಮಾಣಿಕಾ. ಮಂದಿ ನೋಡಾಕತ್ತಾರ, ಮರ್ಯಾದಿ ಉಳಸು," ಎಂದ.

ಅವನ ಮರ್ಯಾದೆಗಾಗಿ ಅಲ್ಲ, ಅವಳು ಕುಳಿತಳು. ಗಂಗಮ್ಮನ ತಲೆಯ ಮೇಲೆ ಕೈಯಿಟ್ಟು ಸೂತಕವಿಲ್ಲ ಎಂದು ಮತ್ತೊಮ್ಮೆ ಹೇಳಿದಳು. ಕೆಂಪು ಬಳೆ ತೊಡಿಸಿದಳು. ಗಂಡನ ಕೈಯ ಮೇಲೆ ಕೈಯಿಟ್ಟು, ಬಿಂದಿಗೆ ಬಗ್ಗಿಸಿ, ನೀರು ತುಳುಕದಂತೆ ಧಾರೆ ಎರೆದಳು. ಬಾಜಾ ಮೊಳಗಿತು, ಅಕ್ಷತೆ ಬಿದ್ದವು.

ಇನ್ನು ಮಗಳನ್ನು ಒಪ್ಪಿಸಿಕೊಡಬೇಕು. ಗಂಡಿನ ತಾಯಿಯಾಗಿ ಮಡಿವಾಳಯ್ಯನವರ ಹೆಂಡತಿ ಮಹಾದೇವಮ್ಮ ಉಡಿ ಒಡ್ಡಿ ನಿಂತಳು. ಮಾಣಿಕಮ್ಮ ಮೂರ್ತಿಯನ್ನು ಎತ್ತಿ ಆ ಉಡಿಯಲ್ಲಿಟ್ಟು, ವರ್ಷವರ್ಷ ಹೇಳುವ ಮಾತು ಹೇಳಿದಳು. "ಹಾಲು ಅನ್ನ ಉಣಿಸಿ ಬೆಳಿಸೀವ್ರಿ. ತಿಳೀದೆ ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ." ಅಲ್ಲಿಗೆ ಮಾತು ಮುಗಿಯಬೇಕು. ಅವಳು ಕೈ ತೆಗೆಯಲಿಲ್ಲ.

"ಇನ್ನೊಂದು ಮಾತರಿ. ಬೈದ್ರ ಅತ್ತು ಸುಮ್ಮನಾಗ್ತಾಳ. ಉಪಾಸ ಕೆಡವಿದ್ರ ನೀರು ಕುಡದು ಮಲಗ್ತಾಳ. ಆದ್ರ ಮನಿ ಮಂದಿ ಎಲ್ಲಾ ಕೂಡಿ ಆಕಿಗೆ ಸುಳ್ಳು ಹೇಳಬ್ಯಾಡ್ರಿ. ಅದನ್ನ ತಡಕೊಳ್ಳಾಕ ಆಗಂಗಿಲ್ಲ."

"ಹೇಳಂಗಿಲ್ಲ ಬೇ, ಹಡದವ್ವ," ಎಂದು ಮಹಾದೇವಮ್ಮ ಅತ್ತೇಬಿಟ್ಟಳು.

ಹೋಳಿಗೆಯ ಬುಟ್ಟಿಗಳು ಬಂದವು, ಜನ ಪಂಕ್ತಿಗೆ ಕುಳಿತರು. ಮಾಣಿಕಮ್ಮ ಊಟಕ್ಕೆ ನಿಲ್ಲದೆ ಕಾಕಾನ ಕಡೆ ನಡೆದಳು. ಜಟ್ಟೆಪ್ಪ ಎದ್ದು ಅಡ್ಡ ಬಂದ.

"ಎಲ್ಲಿಗೆ ಹೊಂಟಿ?"

"ಕರೇಕೊಳ್ಳಕ್ಕ."

"ಉಣ್ಣದೆ ಹೋಗ್ತಾರೇನು? ಆತು, ಸಿಟ್ಟು ಇಳದ ಮ್ಯಾಲ ಬಾ. ಯಾವಾಗ ಬರ್ತಿ, ಅದನ್ನರ ಹೇಳು."

"ಸೂತಕಕ್ಕ ಅಂತ ನೀವೇ ಕಳಿಸಿದ್ರಲ್ರಿ. ಅದಿನ್ನ ಕಳದಿಲ್ಲ."

"ಯಾರೂ ಸತ್ತೇ ಇಲ್ಲಲ್ಲ ಮಾಣಿಕಾ!"

ಮಾಣಿಕಮ್ಮ ಸೆರಗು ತಲೆಗೆಳೆದುಕೊಂಡಳು, ಕಾಕಾನ ಹೆಗಲು ಹಿಡಿದಳು, ಉಸುಕಿನಲ್ಲಿ ಹೆಜ್ಜೆ ಹಾಕುತ್ತ ಹಾಡಿ ಅಳತೊಡಗಿದಳು. "ರೊಟ್ಟಿಗಿ ಬೆಣ್ಣಿ ಹಚ್ಚಿ ಕೊಟ್ಟಾಕಿ, ನನ್ನತ್ತಿ ಸಾಬಮ್ಮಾ, ಹೋದ್ಯಾ ನನ್ನ ಬಿಟ್ಟು..." ಉಣ್ಣುತ್ತಿದ್ದವರ ಕೈಗಳು ತಟ್ಟೆಯಲ್ಲೇ ನಿಂತವು. "ನಾ ಎಣ್ಣಿ ಹಚ್ಚಿ ಜಡಿ ಹಾಕಿದ ನನ್ನ ಕೂಸಾ, ನನ್ನ ಭೀಮವ್ವಾ, ನಿನಗೇನ ಬಂತವ್ವಾ ಇಂಥಾ ಸಾವು..." ಭೀಮಬಾಯಿ ಎರಡೂ ಕಿವಿ ಮುಚ್ಚಿಕೊಂಡು ಕುಳಿತಲ್ಲಿಯೇ ಮುದುಡಿದಳು. ದಂಡೆ ಏರಿದ ಮೇಲೆ ಮಾಣಿಕಮ್ಮ ಒಮ್ಮೆ ನಿಂತಳು. ಬದುಕಿದ ಗಂಡನ ಹೆಸರು ಹೆಂಡತಿಯಾದವಳು ಬಾಯಲ್ಲಿ ತರುವುದಿಲ್ಲ, ಅವಳೂ ಇಷ್ಟು ವರ್ಷ ತಂದಿರಲಿಲ್ಲ. "ಜಟ್ಟೆಪ್ಪಾ," ಎಂದು ಅವಳು ಎರಡೂ ದಂಡೆಗೆ ಕೇಳುವಂತೆ ಅತ್ತಳು, "ನನ್ನ ಕೈ ಹಿಡದ ಜಟ್ಟೆಪ್ಪಾ, ಎಲ್ಲಿ ಹೋದ್ಯೋ ನನ್ನಪ್ಪಾ."